ಕ್ಸೆನೋಸ್: ಅತಿಥಿಯೋ, ನೆಂಟನೋ, ಪರದೇಶಿಯೋ?

ಗೆಳೆಯರೇ, ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್‌ನ 6ನೇ ಕಾಂಡದ ಒಂದು ತುಣುಕನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕ್ಸೆನೋಸ್’ ಎಂಬ ಒಂದು ಗ್ರೀಕ್ ಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ.

ಸುಮ್ನೆ ‘ಅತಿಥಿ’ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ಸಂದರ್ಭ ನೋಡಿ. ಟ್ರಾಯ್‌ನ ರಣರಂಗದಲ್ಲಿ ಗ್ರೀಕರ ಡಯೊಮಿಡೀಸ್, ಟ್ರಾಯ್ ಕಡೆಯ ಗ್ಲಾಕಸ್ ಎದುರುಬದುರು ನಿಂತಿದ್ದಾರೆ. ಹೊಡೆದಾಟಕ್ಕೆ ಮೊದಲು ಕುಲಗೋತ್ರ ವಿಚಾರಿಸಿದರೆ, ಡಯೊಮಿಡೀಸನ ಅಜ್ಜ ಗ್ಲಾಕಸನ ಅಜ್ಜನನ್ನು 20 ದಿನ ಮನೆಯಲ್ಲಿಟ್ಟುಕೊಂಡು ಉಪಚರಿಸಿದ್ದು ಗೊತ್ತಾಗುತ್ತದೆ. ಅಲ್ಲಿಗೆ ಜಗಳ ಬಂದ್. ಡಯೊಮಿಡೀಸ್ ಭರ್ಜಿಯನ್ನು ನೆಲಕ್ಕೆ ನೆಡುತ್ತಾನೆ. ಇಬ್ಬರೂ ಕೈ ಹಿಡಿದು ಕವಚ ಬದಲಾಯಿಸಿಕೊಳ್ಳುತ್ತಾರೆ. (ಗ್ಲಾಕಸ್ ಕೊಟ್ಟದ್ದು 100 ಎತ್ತು ಬಾಳುವ ಚಿನ್ನದ್ದು, ಪಡೆದದ್ದು 9 ಎತ್ತಿನ ಕಂಚಿನದು. ದೇವತೆಗಳ ರಾಜ ಜ್ಯೂಸ್ ಅವನ ಬುದ್ಧಿ ಕಸಿದಿದ್ದ ಎಂದು ಹೋಮರನೇ ಕುಟುಕುತ್ತಾನೆ!)

ಅಂದರೆ ಅನ್ನ ಹಾಕಿದವನೂ ಕ್ಸೆನೋಸ್, ಉಂಡವನೂ ಕ್ಸೆನೋಸ್. ಮೊಮ್ಮಕ್ಕಳಿಗೂ ಆ ನಂಟು ಆಸ್ತಿಯ ಹಾಗೆ ಇಳಿದು ಬರುತ್ತದೆ. ‘ಅತಿಥಿ’ ಒಂದೇ ಕಡೆಯ ಮಾತು, ಅಲ್ವಾ? ನಮ್ಮ ‘ಬೀಗರು’ ಎರಡೂ ಕಡೆಗೆ ಸಲ್ಲುತ್ತದೆ, ಆದರೆ ಅದಕ್ಕೆ ಮದುವೆ ಆಗಿರಬೇಕು. ‘ನೆಂಟ’ ಅಂದರೆ ಓದುಗರು ರಕ್ತಸಂಬಂಧ ಹುಡುಕುತ್ತಾರೆ.

ಇನ್ನೊಂದು ತೊಡಕು. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ, ಸಮುದ್ರದಲ್ಲಿ ಸಿಕ್ಕಿ ಹೇಗೋ ದಡ ಸೇರಿದ ಒಡಿಸ್ಯೂಸನನ್ನು ಕಂಡು ರಾಜಕುಮಾರಿ ನೌಸಿಕಾ ಹೇಳುತ್ತಾಳೆ: ಕ್ಸೆನೋಸ್‌ಗಳು, ಭಿಕ್ಷುಕರು ಎಲ್ಲರೂ ಜ್ಯೂಸ್‌ನ ಕಡೆಯವರು. ಇಲ್ಲಿ ಅವನು ಇನ್ನೂ ಯಾರ ಮನೆಯ ಹೊಸ್ತಿಲನ್ನೂ ದಾಟಿಲ್ಲ. ಈ ಜಾಗಕ್ಕೆ ‘ಪರದೇಶಿ’ ಎಷ್ಟು ಚೆನ್ನಾಗಿ ಕೂರುತ್ತದೆ! ಹೊರನಾಡಿನವ, ದಿಕ್ಕಿಲ್ಲದವ, ಎರಡೂ ಅದರಲ್ಲಿವೆ. ಆದರೆ ಗ್ಲಾಕಸನನ್ನು ಪರದೇಶಿ ಅಂದರೆ ಬೈಗುಳವೇ ಆದೀತು.

ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿ ‘ಬ್ರೈಗೋಸ್ ಚಿತ್ರಕಾರ’ ಎಂಬ ಗ್ರೀಕ್ ಕಲಾವಿದನದೆಂದು ಹೇಳುವ ಒಂದು ಕುಡಿಯುವ ಪಾತ್ರೆಯಿದೆ, ಸುಮಾರು ಕ್ರಿ.ಪೂ. 490ರದು. ಅದರ ಮೇಲೆ ಇಲಿಯಡ್‌ನ ಕೊನೆಯ ದೃಶ್ಯ: ಗ್ರೀಕ್ ವೀರ ಅಕಿಲೀಸ್ ಮಂಚಕ್ಕೆ ಒರಗಿ ಮಾಂಸ ತಿನ್ನುತ್ತಿದ್ದಾನೆ. ಮಂಚದ ಕೆಳಗೆ ಅವನು ಕೊಂದ ಟ್ರಾಯ್ ರಾಜಕುಮಾರ ಹೆಕ್ಟರನ ಹೆಣ. ಮುಂದೆ, ಮಗನ ಹೆಣ ಬೇಡಲು ಬಂದ ಮುದಿ ತಂದೆ ಪ್ರಿಯಮ್. (ಹೋಮರನ ವೀರರು ಕೂತು ಉಣ್ಣುತ್ತಾರೆ; ಒರಗಿ ಉಣ್ಣುವುದು ಚಿತ್ರಕಾರನ ಕಾಲದ ರೂಢಿ.) ಕಾವ್ಯದಲ್ಲಿ ಆಮೇಲೆ ಇಬ್ಬರೂ ಜೊತೆಗೇ ಉಣ್ಣುತ್ತಾರೆ. ಪಾತ್ರೆಯ ಮೇಲೆ ಪ್ರಿಯಮ್ ಇನ್ನೂ ನಿಂತೇ ಇದ್ದಾನೆ. ಅವನು ಪರದೇಶಿಯಿಂದ ನೆಂಟನಾಗುವುದು ಆ ತುತ್ತಿನ ಹೊತ್ತಿಗೆ ಎಂದು ನನಗನ್ನಿಸುತ್ತದೆ.

ಹಳೆಯ ಕನ್ನಡದ ‘ಬಿದ್ದಿನ’ ನೆನಪಾಯಿತು. ಅತಿಥಿ, ಔತಣ ಎರಡೂ ಅರ್ಥ ಅದಕ್ಕಿದೆ. ತಮಿಳಿನ ‘ವಿರುಂದು’ ಇದರ ಬಳಗದ್ದೇ. ಅಲ್ಲಿ ಹೊಸಬ ಎಂಬ ಅರ್ಥವೂ ಉಂಟು. ಕ್ಸೆನೋಸ್‌ಗೆ ಇದನ್ನೇ ಎಬ್ಬಿಸೋಣವೇ? ನಿಮ್ಮ ಕಡೆ ಯಾರ ಬಾಯಲ್ಲಾದರೂ ‘ಬಿದ್ದಿನ’ ಇನ್ನೂ ಉಳಿದಿದೆಯೇ? ಇದ್ದರೆ ಯಾವ ಊರು, ಯಾವ ಮಾತಿನ ನಡುವೆ ಬರುತ್ತದೆ, ಸ್ವಲ್ಪ ತಿಳಿಸಿ.