ಡಿಸ್ಟಿಲರಿ ಕಾಲಮ್‌ಗೆ ವೈರ್‌ಲೆಸ್ ಟೆಂಪರೇಚರ್ ಟ್ರಾನ್ಸ್‌ಮೀಟರ್ ಹಾಕಿ ಎಂಪಿಸಿ (ಮುಂದೇನಾಗುತ್ತೆ ಅಂತ ಮಾಡೆಲ್‌ನಿಂದ ಊಹಿಸಿ ನಡೆಸೋ ಕಂಟ್ರೋಲ್) ನಡೆಸಬಹುದಾ?

ಘಟಪ್ರಭಾ_ಇನ್‌ಸ್ಟ್ರುಮೆಂಟ್:
ಎಲ್ಲಾರಿಗೂ ನಮಸ್ಕಾರ್ರಿ. ಬಾಗಲಕೋಟಿ ಕಡೆ ಒಂದು ಶುಗರ್ ಫ್ಯಾಕ್ಟರಿ ಡಿಸ್ಟಿಲರಿಯೊಳಗ ಇನ್‌ಸ್ಟ್ರುಮೆಂಟ್ ಸೆಕ್ಷನ್ ನೋಡ್ಕೋತೀನಿ. ಸ್ಪಿರಿಟ್ ಸ್ಟ್ರೆಂತ್ ಏರಿಸೂ ರೆಕ್ಟಿಫೈಯರ್ ಕಾಲಮ್ ಮ್ಯಾಲೆ ಈಗ ಎರಡ ಆರ್‌ಟಿಡಿ (ಟೆಂಪರೇಚರ್ ಸೆನ್ಸರ್) ಅದಾವು, ಇನ್ನೊಂದಿಷ್ಟು ಟ್ರೇಕ್ಕ (ಕಾಲಮ್ ಒಳಗ ಒಂದರ ಮ್ಯಾಲೊಂದು ಇರೂ ತಟ್ಟಿ) ಹಾಕಿ ಡಿಸಿಎಸ್ (ಪ್ಲಾಂಟ್ ನಡೆಸೂ ಕಂಟ್ರೋಲ್ ಕಂಪ್ಯೂಟರ್) ಮ್ಯಾಲೆ ಎಂಪಿಸಿ ಕೂಡ್ರಿಸೋಣು ಅಂತ ವಿಚಾರ ನಡದೈತಿ. ಅಷ್ಟ ಎತ್ತರಕ್ಕ ಹೊಸಾ ಕೇಬಲ್ ಎಳಿಯೂದು ಭಾಳ ಖರ್ಚು, ಅದಕ್ಕ ವೆಂಡರ್ ವೈರ್‌ಲೆಸ್‌ಹಾರ್ಟ್ (ರೇಡಿಯೊ ಮ್ಯಾಲೆ ರೀಡಿಂಗ್ ಕಳಸೂ ಪದ್ಧತಿ) ಹಾಕ್ರಿ, 8 ಸೆಕೆಂಡಿಗೊಮ್ಮೆ ರೀಡಿಂಗ್ ಬರತೈತಿ ಅಂತಾರ. ನಡುವ ಒಂದೆರಡ ರೀಡಿಂಗ್ ಬರ್ಲಿಲ್ಲಂದ್ರ ಎಂಪಿಸಿ ಏನ್ ಮಾಡತೈತ್ರಿ? ಬಾಯ್ಲರ್ ಸ್ಟೀಮ್ ಪ್ರೆಶರ್ ಏರಿಳಿತ ಆದಾಗೆಲ್ಲಾ ಆಪರೇಟರ್ ಸ್ಟ್ರೆಂತ್ ಕೆಡಬಾರ್ದಂತ ರಿಫ್ಲಕ್ಸ್ (ತಣ್ಣಗಾಗಿ ಮ್ಯಾಲಿಂದ ಕಾಲಮಿಗೆ ವಾಪಸ್ ಬಿಡೂ ಸ್ಪಿರಿಟ್) ಏರಿಸಿ ಬಿಡ್ತಾನ, ಸ್ಟೀಮ್ ಸುಮ್ನ ಹೋಗತೈತಿ, ಅದನ್ನ ನೋಡಾಕ ಆಗವಲ್ದು. ಕಂಟ್ರೋಲ್ ವಾಲ್ವೂ ವೈರ್‌ಲೆಸ್ ಮಾಡಬಹುದೇನ್ರಿ?

ಲೂಪ್_ಟ್ಯೂನರ್:
8 ಸೆಕೆಂಡ್ ಬಗ್ಗೆ ಚಿಂತೆ ಬೇಡ ಸರ್. ಕಾಲಮ್ ಅಷ್ಟು ಬೇಗ ಅಲ್ಲಾಡಲ್ಲ. ಕೆನಡಾದ ಆಲ್ಬರ್ಟಾ ಯೂನಿವರ್ಸಿಟಿಯ ಮೆಥನಾಲ್-ನೀರಿನ ಸಣ್ಣ ಕಾಲಮ್ ಮೇಲೆ ವುಡ್ ಮತ್ತು ಬೆರ್ರಿ 1973ರಲ್ಲಿ ಪ್ರಕಟಿಸಿದ ಮಾಡೆಲ್ ನೋಡಿ, ಟೈಮ್ ಕಾನ್‌ಸ್ಟಂಟ್ (ಬದಲಾವಣೆ ಬಹುಪಾಲು ಆಗೋಕೆ ಹಿಡಿಯೋ ಸಮಯ) 10.9ರಿಂದ 21 ನಿಮಿಷ, ಡೆಡ್ ಟೈಮ್ (ಬದಲಾವಣೆ ಕಾಣೋಕೆ ಶುರುವಾಗೋ ಮುಂಚಿನ ಸಮಯ) 1ರಿಂದ 7 ನಿಮಿಷ, ಪೈಲಟ್ ಕಾಲಮ್ಮೇ ಇಷ್ಟು ನಿಧಾನ ಅಂದ್ಮೇಲೆ ನಿಮ್ಮದು ಕೇಳಬೇಕಾ. ಅದೇ ಮಾಡೆಲ್‌ನಲ್ಲಿ ಇನ್ನೊಂದು ವಿಷಯ ಇದೆ, ರಿಫ್ಲಕ್ಸ್ ಮುಟ್ಟಿದ್ರೆ ಕೆಳಗಿನ ಕಾಂಪೊಸಿಷನ್ನೂ ಬದಲಾಗುತ್ತೆ, ಸ್ಟೀಮ್ ಮುಟ್ಟಿದ್ರೆ ಮೇಲಿನದೂ ಬದಲಾಗುತ್ತೆ. ಎರಡು ಬೇರೆ ಬೇರೆ ಪಿಐಡಿ (ಒಂದೊಂದೇ ಅಳತೆ ನೋಡಿ ತಿದ್ದೋ ಸಾಮಾನ್ಯ ಕಂಟ್ರೋಲರ್) ಹಾಕಿದ್ರೆ ಅವೆರಡೂ ಒಂದನ್ನೊಂದು ಎಳೆದಾಡ್ತಾವೆ, ಎಂಪಿಸಿ ಬೇಕಾಗೋದೇ ಅದಕ್ಕೆ. ಆದ್ರೆ ರಿಫ್ಲಕ್ಸ್ ಫ್ಲೋ, ಸ್ಟೀಮ್ ಫ್ಲೋ ಪಿಐಡಿಗಳು ಡಿಸಿಎಸ್‌ನಲ್ಲಿ ವೈರ್ ಮೇಲೇ ಇರಲಿ, ಎಂಪಿಸಿ ಅವಕ್ಕೆ ಸೆಟ್‌ಪಾಯಿಂಟ್ (ತಲುಪಬೇಕಾದ ಗುರಿ) ಮಾತ್ರ ಕೊಡಲಿ. ಸ್ಟೀಮ್ ಪ್ರೆಶರ್ ಏರಿಳಿತವನ್ನ ಆ ಫ್ಲೋ ಲೂಪೇ ಹಿಡ್ಕೊಳ್ಳುತ್ತೆ, ಅದು ಸರಿಯಾಗಿ ಟ್ಯೂನ್ ಆಗಿದೆಯಾ ಅಂತ ಮೊದ್ಲು ನೋಡಿ.

ಮಂಗಳೂರು_ಪ್ರೋಸೆಸ್:
ರೀಡಿಂಗ್ ಬರದೇ ಇರೋದು ದೊಡ್ಡ ತೊಂದರೆ ಅಲ್ಲ, ಹಳೇ ರೀಡಿಂಗನ್ನ ಹೊಸದು ಅಂತ ನಂಬೋದು ನಿಜವಾದ ತೊಂದರೆ. ಒಂದು ಕಡೆ ನೋಡಿದ್ದೀನಿ, ವೈರ್‌ಲೆಸ್ ರೀಡಿಂಗ್ ಹಿಡಿಯೋ ಗೇಟ್‌ವೇ ಪೆಟ್ಟಿಗೆಯಿಂದ ಡಿಸಿಎಸ್‌ಗೆ ಮಾಡ್‌ಬಸ್ ಲಿಂಕ್‌ನಲ್ಲಿ ಬರೀ ವ್ಯಾಲ್ಯೂ ತಂದಿದ್ರು, ಅದನ್ನ ನಂಬಬಹುದಾ ಅಂತ ಹೇಳೋ ಸ್ಟೇಟಸ್ ತಂದಿರ್ಲಿಲ್ಲ. ಟ್ರಾನ್ಸ್‌ಮೀಟರ್ ಸತ್ತೋಗಿದೆ, ಗೇಟ್‌ವೇ ಕೊನೇ ವ್ಯಾಲ್ಯೂನೇ ಹಿಡ್ಕೊಂಡು ಕೂತಿದೆ, ಟ್ರೆಂಡ್‌ನಲ್ಲಿ ಗೆರೆ ಎಳೆದ ಹಾಗೆ ನೇರ. ಕಂಟ್ರೋಲರ್ ಟೆಂಪರೇಚರ್ ಇನ್ನೂ ಏರಿಲ್ಲ ಅಂತ ಸ್ಟೀಮ್ ಕೊಡ್ತಾನೇ ಇತ್ತು. ಹಾಗಾಗಿ ಪ್ರತಿ ಟ್ಯಾಗ್‌ಗೂ (ಡಿಸಿಎಸ್‌ನಲ್ಲಿ ಒಂದೊಂದು ಅಳತೆಗೆ ಇಟ್ಟ ಹೆಸರು) ಸ್ಟೇಟಸ್ ತನ್ನಿ. ರೀಡಿಂಗ್ ತಪ್ಪಿದ ಸ್ಕ್ಯಾನ್‌ನಲ್ಲಿ ಎಂಪಿಸಿ ತನ್ನ ಮಾಡೆಲ್ ಹೇಳಿದ್ದರ ಮೇಲೇ ನಡೀಲಿ, ಬಯಾಸ್ (ಮಾಡೆಲ್‌ಗೂ ರೀಡಿಂಗ್‌ಗೂ ಇರೋ ವ್ಯತ್ಯಾಸ) ತಿದ್ದೋದು ಬೇಡ, ಸಾಲಾಗಿ ಕೆಲವು ತಪ್ಪಿದ್ರೆ ಆ ಟ್ಯಾಗನ್ನ ಬಿಟ್ಟು ಆಪರೇಟರ್‌ಗೆ ಅಲಾರಂ ಕೊಡ್ಲಿ. ಸಾಮಾನ್ಯ ಪಿಐಡಿಯಲ್ಲಿ ರೀಡಿಂಗ್ ನಿಂತಾಗ ಇಂಟಿಗ್ರಲ್ (ಗುರಿಯಿಂದ ಇರೋ ತಪ್ಪನ್ನ ಕೂಡಿಡ್ತಾ ಹೋಗೋ ಭಾಗ) ಸುಮ್ಮನೆ ಬೆಳೀತಾ ಹೋಗುತ್ತೆ, ಅದಕ್ಕೇ ವೈರ್‌ಲೆಸ್‌ಗೆ ತಿದ್ದಿದ ಪಿಐಡಿ ಬಂದಿದ್ದು.

ಇನ್ನೊಂದು, ಆರ್‌ಟಿಡಿ ಎಲ್ಲಿ ಹಾಕ್ತೀರಿ? ಮೇಲಿನ ಟ್ರೇಗಳಿಗೆ ಹಾಕಿ ದುಡ್ಡು ಕಳ್ಕೋಬೇಡಿ. ಇಥನಾಲ್-ನೀರು ತೂಕದಲ್ಲಿ ಸುಮಾರು 95.6% ತಲುಪಿದಾಗ ಅಜಿಯೋಟ್ರೋಪ್ (ಕುದಿಸಿ ಇನ್ನು ಬೇರ್ಪಡಿಸೋಕಾಗದ ಮಿಶ್ರಣ), ವಾತಾವರಣದ ಒತ್ತಡದಲ್ಲಿ 78.2 ಡಿಗ್ರಿ. ಆ ಹತ್ತಿರ ಸ್ಟ್ರೆಂತ್ ಒಂದೆರಡು ಪರ್ಸೆಂಟ್ ಬಿದ್ರೂ ಟೆಂಪರೇಚರ್ ಅರ್ಧ ಡಿಗ್ರಿನೂ ಅಲ್ಲಾಡಲ್ಲ, ಕಾಲಮ್ ಪ್ರೆಶರ್ ಸ್ವಲ್ಪ ಬದಲಾದ್ರೆ ಅದಕ್ಕಿಂತ ಜಾಸ್ತಿ ಅಲ್ಲಾಡುತ್ತೆ. ಟೆಂಪರೇಚರ್ ಪ್ರೊಫೈಲ್ ಕಡಿದಾಗಿ ಏರೋ ಟ್ರೇಗಳು ಫೀಡ್ ಒಳಗೆ ಬರೋ ಟ್ರೇ ಕೆಳಗೆ ಸಿಗ್ತಾವೆ, ಅಲ್ಲಿ ಹಾಕಿ, ಪ್ರೆಶರ್ ಕಾಂಪೆನ್ಸೇಷನ್ (ಪ್ರೆಶರ್‌ನಿಂದಾದ ಟೆಂಪರೇಚರ್ ಬದಲಾವಣೆ ಕಳೆಯೋ ಲೆಕ್ಕ) ತಪ್ಪದೇ ಕೊಡಿ.

ಫೀಲ್ಡ್_ಮೆಂಟೆನೆನ್ಸ್:
ವಾಲ್ವ್ ವೈರ್‌ಲೆಸ್ ಬೇಡವೇ ಬೇಡ. ಮುಂದಿನ ಹತ್ತಾರು ಮೂವ್‌ಗಳನ್ನ ಒಂದೇ ಪ್ಯಾಕೆಟ್‌ನಲ್ಲಿ ವಾಲ್ವ್‌ಗೆ ಕಳಿಸಿಟ್ಟು, ಸಿಗ್ನಲ್ ಹೋದ್ರೂ ಅದೇ ಪಟ್ಟಿ ಪ್ರಕಾರ ನಡೆಸೋ ಸಂಶೋಧನೆ ಇದೆ, ಚೆನ್ನಾಗೂ ಇದೆ, ಆದ್ರೆ ನಿಮ್ಮ ವಾಲ್ವ್‌ಗೆ ವೈರ್ ಈಗಾಗಲೇ ಇದೆ, ಏರ್ ಲೈನೂ ಇದೆ, ಅದನ್ನ ಯಾಕೆ ಮುಟ್ತೀರಿ. ಟ್ರಾನ್ಸ್‌ಮೀಟರ್‌ಗೆ ಹೇಳೋದಾದ್ರೆ, ಇದು 2.4 ಗಿಗಾಹರ್ಟ್ಸ್, ಸ್ಟೀಲ್ ಶೆಲ್ ದಾಟಿ ಹೋಗಲ್ಲ, ಕಾಲಮ್ ಹಿಂದೆ ಮರೆಯಾದ್ರೆ ಮುಗೀತು. ಪ್ರತಿ ಟ್ರಾನ್ಸ್‌ಮೀಟರ್‌ಗೂ ಕನಿಷ್ಠ ಎರಡು ಮೂರು ಪಕ್ಕದವು ಕಾಣೋ ಹಾಗೆ ಇಡಿ, ಬೇಕಿದ್ರೆ ಪೈಪ್ ರ‍್ಯಾಕ್ ಮೇಲೆ ಒಂದು ರಿಪೀಟರ್ ಹಾಕಿ. 1 ಸೆಕೆಂಡ್‌ಗೆ ಸೆಟ್ ಮಾಡ್ಬೇಡಿ, ಬ್ಯಾಟರಿ ಬೇಗ ಖಾಲಿ ಆಗುತ್ತೆ. ಆಲ್ಕೋಹಾಲ್ ಆವಿ ಇರೋ ಜಾಗ, ಸರ್ಟಿಫಿಕೇಟ್ ಇರೋ ಸಾಮಾನು ಬಿಟ್ಟು ಬೇರೆ ಹತ್ತಿರಕ್ಕೂ ತರಬೇಡಿ.

ಘಟಪ್ರಭಾ_ಇನ್‌ಸ್ಟ್ರುಮೆಂಟ್:
ಭಾಳ ಉಪಕಾರ ಆತ್ರಿ. ನಾವು ಮ್ಯಾಲಿನ ಟ್ರೇಕ್ಕ ಹಾಕೂದು ಅಂತಿದ್ವಿ, ಡ್ರಾಯಿಂಗ್ ತಿದ್ದಸ್ತೀನಿ. ಸ್ಟೆಪ್ ಟೆಸ್ಟ್ (ಮಾಡೆಲ್ ಸಲುವಾಗಿ ರಿಫ್ಲಕ್ಸ್, ಸ್ಟೀಮ್ ಒಂದೊಂದಾಗಿ ಬದಲಿಸಿ ಕಾಲಮ್ ಏನ್ ಮಾಡತೈತಿ ನೋಡೂದು) ಯಾವಾಗ ಮಾಡೋಣ್ರಿ?

ಲೂಪ್_ಟ್ಯೂನರ್:
ವೈರ್‌ಲೆಸ್ ರೀಡಿಂಗ್ ಸರಿಯಾಗಿ ಬರ್ತಿದೆ ಅಂತ ಒಂದೆರಡು ವಾರ ನೋಡಿದ ಮೇಲೆ. ಫೀಡ್ ಒಂದೇ ಸಮ ಇರೋ ದಿನ ಆರಿಸ್ಕೊಳ್ಳಿ, ಪ್ರತಿ ಸ್ಟೆಪ್ ಆದ್ಮೇಲೆ ಕಾಲಮ್ ಪೂರ್ತಿ ಸೆಟಲ್ ಆಗೋವರೆಗೆ ಕಾಯಿರಿ, ಶಿಫ್ಟ್ ಆಪರೇಟರ್‌ನ ಪಕ್ಕದಲ್ಲೇ ಕೂರಿಸ್ಕೊಳ್ಳಿ.