ಪದ್ಮಿನಿ ಕಾರಿನ ಸಿಲ್ ತುಕ್ಕು ಹಿಡಿದಿದೆ, ಹೊಸ ತಗಡು ಮನೆಯಲ್ಲೇ ಮಾಡಬಹುದಾ?

ಬ್ರಹ್ಮಾವರ_79

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಅಪ್ಪನ 1979ರ ಪ್ರೀಮಿಯರ್ ಪದ್ಮಿನಿ ಉಂಟು. ಅಪ್ಪ ಹೋದ ಮೇಲೆ ಒಂಬತ್ತು ವರ್ಷ ಮಾವಿನ ಮರದ ಅಡಿಯಲ್ಲಿ ಟರ್ಪಾಲು ಹೊದ್ದು ನಿಂತಿತ್ತು. ಎಂಜಿನ್ ಜಾಮ್ ಆಗಿಲ್ಲ, ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ತೊಂದರೆ ಇರುವುದು ಬಾಡಿಯಲ್ಲಿ.

ಬಲಗಡೆ ಬಾಗಿಲ ಕೆಳಗಿನ ಸಿಲ್‌ಗೆ ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಯವರೆಗೂ ಒಳಗೆ ಹೋಯಿತು. ಕೆರೆದು ನೋಡಿದರೆ ಹಿಂದೆ ಯಾವುದೋ ಗ್ಯಾರೇಜಿನವರು ತುಕ್ಕಿನ ಮೇಲೆಯೇ ಎಣ್ಣೆ ಡಬ್ಬದ ತಗಡು ಇಟ್ಟು ರಿವೆಟ್ ಹೊಡೆದಿದ್ದಾರೆ. ಅದರ ಮೇಲೆ ಟಾರು. ಆ ಕೆಲಸಕ್ಕೆ ಅಪ್ಪ ಹಣ ಎಣಿಸಿ ಕೊಟ್ಟದ್ದು ನನಗೆ ನೆನಪುಂಟು. ತುಂಬಾ ಬೇಜಾರಾಯಿತು.

ಈಗ ಕೇಳಿದ ಒಬ್ಬ ಟಿಂಕರ್ ಪುಟ್ಟಿ ತುಂಬಿಸಿ ಪೇಂಟ್ ಹೊಡೆದು ಕೊಡುತ್ತೇನೆ ಅಂದರು. ಇನ್ನೊಬ್ಬರು ಗುಜರಿಗೆ ಕೊಡಿ ಅಂದರು. ಅಕ್ಕನ ಮದುವೆ ದಿಬ್ಬಣದಲ್ಲಿ ಮುಂದೆ ಹೋದ ಕಾರು ಇದು. ಎರಡಕ್ಕೂ ಮನಸ್ಸು ಒಪ್ಪುವುದಿಲ್ಲ.

ನನ್ನ ಹತ್ತಿರ ಸಣ್ಣ ಮಿಗ್ ವೆಲ್ಡಿಂಗ್ ಮೆಷಿನ್ ಉಂಟು. ಮನೆಯ ಗೇಟು, ಕಿಟಕಿ ಗ್ರಿಲ್ಲು ನಾನೇ ಮಾಡಿದ್ದೇನೆ. ಎರಡೂ ಸಿಲ್, ಡ್ರೈವರ್ ಕಾಲಿಡುವ ಜಾಗದ ಫ್ಲೋರ್, ಹಿಂದಿನ ಚಕ್ರದ ಮೇಲಿನ ಕಮಾನಿನ ಒಂದು ತುಂಡು, ಇಷ್ಟನ್ನು ಮನೆಯಲ್ಲೇ ಮಾಡಬಹುದಾ? ಎಷ್ಟು ಗೇಜಿನ ಶೀಟು ತರಬೇಕು? ಮೊದಲು ಎಲ್ಲಿಗೆ ಕೈ ಹಾಕಬೇಕು?

ಬಿಜೈ_ಫಿಯಟ್

ಗುಜರಿಗೆ ಮಾತ್ರ ಕೊಡಬೇಡಿ ಮಾರಾಯ್ರೆ. ಬಾನೆಟ್ ಅಥವಾ ಡಿಕ್ಕಿ ಬಾಗಿಲು ಹಾಳಾಗಿದ್ದರೆ ಅದನ್ನು ಮಾಡಲು ಹೋಗಬೇಡಿ, ಹಳೆಯದು ಹುಡುಕಿ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ವರೆಗೂ ಓಡಿದೆ. ಹಾಗಾಗಿ ಅಲ್ಲಿನ ಗುಜರಿಯವರ ಹತ್ತಿರ ಕೇಳಿ ನೋಡಬಹುದು. ನನ್ನ ಎಡಗಡೆ ಹಿಂದಿನ ಬಾಗಿಲು ಹಾಗೆಯೇ ಬಂದದ್ದು. ಸಿಲ್, ಫ್ಲೋರ್ ಹಳೆಯದು ತಂದು ಪ್ರಯೋಜನವಿಲ್ಲ, ಅಲ್ಲಿಯದ್ದೂ ಸಮುದ್ರದ ಗಾಳಿ ಕುಡಿದದ್ದೇ.

ಇನ್ನೊಂದು ವಿಷಯ. ಆರ್‌ಸಿ ಯಾವ ವರ್ಷದವರೆಗೆ ಉಂಟು ಅಂತ ಈಗಲೇ ನೋಡಿಕೊಳ್ಳಿ. ಹಳೆ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸುವ 2021ರ ನಿಯಮದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ಆಗಿರಬೇಕು. ಬಾಡಿ, ಚಾಸಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನಿಮ್ಮದಕ್ಕೆ ಇನ್ನೂ ಸಮಯ ಉಂಟು, ಆದರೂ ಮೂಲ ಆಕಾರ ಬಿಡಬೇಡಿ.

ಕಟಪಾಡಿ_ತಗಡು

ಮಾಡಬಹುದು ತಮ್ಮ. ಆದರೆ ಗ್ರೈಂಡರ್ ಈಗಲೇ ಕೈಗೆತ್ತಿಕೊಳ್ಳಬೇಡಿ.

ನಾನು ಬೈಕಂಪಾಡಿಯಲ್ಲಿ 26 ವರ್ಷ ಶೀಟ್ ಮೆಟಲ್ ಕೆಲಸ ಮಾಡಿದವನು. ಅಷ್ಟು ಕೆಲಸ ಗೊತ್ತಿದ್ದೂ ನನ್ನ ಫಿಯಟ್‌ನಲ್ಲಿ ಒಂದು ತಪ್ಪು ಮಾಡಿದೆ. ಅದನ್ನು ನೀವು ಮಾಡಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ. ಕಾರನ್ನು ಹಿಂದೆ ಮುಂದೆ ಎತ್ತಿ ನಿಲ್ಲಿಸಿ ಒಂದು ಕಡೆಯ ಸಿಲ್ ಪೂರ್ತಿ ಕತ್ತರಿಸಿ ತೆಗೆದೆ. ಎರಡು ದಿನ ಬಿಟ್ಟು ಬಾಗಿಲು ಮುಚ್ಚಲು ಹೋದರೆ ಮುಚ್ಚಲಿಲ್ಲ. ನಡು ಕುಸಿದಿತ್ತು. ಬಾಗಿಲ ಮೇಲಿನ ಸಂದು ಇಲ್ಲವೇ ಇಲ್ಲ. ಅದನ್ನು ಜಾಕ್ ಕೊಟ್ಟು ಸರಿಗೆ ತರಲು ಒಂದು ತಿಂಗಳು ಹಿಡಿಯಿತು.

ಲಾರಿಗೆ, ಹಳೆ ಜೀಪಿಗೆ ಕೆಳಗೆ ಬೇರೆ ಚಾಸಿ ಉಂಟು. ಫಿಯಟ್ 1100 ಹಾಗಲ್ಲ, 1953ರಲ್ಲಿ ಬಂದಾಗಿನಿಂದ ಅದಕ್ಕೆ ಬಾಡಿಯೇ ಚಾಸಿ. ನಿಮ್ಮ ಪದ್ಮಿನಿಯೂ ಅದೇ ವಂಶ. ಸಿಲ್ ಅನ್ನುವುದು ಒಳತಗಡು ಹೊರತಗಡು ಸೇರಿದ ಪೆಟ್ಟಿಗೆ, ಇಡೀ ಕಾರಿನ ಬೆನ್ನೆಲುಬು. ಆ ಡಬ್ಬದ ತಗಡು ಹೊಡೆದವರು ನಿಮ್ಮ ಅಪ್ಪನಿಗೆ ನಿಜವಾಗಿ ಅನ್ಯಾಯ ಮಾಡಿದ್ದಾರೆ.

ಮೊದಲು ಎಲ್ಲ ಬಾಗಿಲು ಹಾಕಿ ಸುತ್ತ ಸಂದು ಅಳೆದು ಬರೆದಿಡಿ. ಅದೇ ಬಾಗಿಲ ಚೌಕಟ್ಟಿಗೆ 25 ಮಿ.ಮೀ. ಚೌಕ ಪೈಪನ್ನು ಒಂದು ಅಡ್ಡ, ಒಂದು ಮೂಲೆಯಿಂದ ಮೂಲೆಗೆ ಟ್ಯಾಕ್ ಹೊಡೆಯಿರಿ, ಅಂದರೆ ತಾತ್ಕಾಲಿಕವಾಗಿ ಚುಕ್ಕೆ ವೆಲ್ಡ್. ಕಾರಿನ ಭಾರ ಚಕ್ರ ಕೂರುವ ಜಾಗದಲ್ಲೇ ಇರಲಿ, ಸ್ಟ್ಯಾಂಡ್ ಅಲ್ಲಿಗೆ ಕೊಡಿ. ಒಂದು ಕಡೆ ಮುಗಿಯದೆ ಇನ್ನೊಂದು ಕಡೆ ಮುಟ್ಟಬೇಡಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕ್ ಅಂತ ಧೈರ್ಯ ಮಾಡಬೇಡಿ, ಒಳಗಿನ ಆವಿಯೇ ಅಪಾಯ. ಆ ಟಾರು ಕೂಡ ಕೆಂಡ ಬಿದ್ದರೆ ಹತ್ತಿಕೊಳ್ಳುತ್ತದೆ. ಒದ್ದೆ ಗೋಣಿ ಪಕ್ಕದಲ್ಲಿರಲಿ.

ಶೀಟು ಸಿ.ಆರ್. (ಕೋಲ್ಡ್ ರೋಲ್ಡ್) ಅಂತ ಕೇಳಿ ತನ್ನಿ. ಸಿಲ್‌ಗೆ, ಫ್ಲೋರ್‌ಗೆ 18 ಗೇಜು, ಅಂದರೆ 1.2 ಮಿ.ಮೀ. ಹೊರಗೆ ಕಾಣುವ ಕಡೆ 20 ಗೇಜು, 0.9 ಮಿ.ಮೀ. ಸಿಲ್‌ನ ಆಕಾರವನ್ನು ತುಕ್ಕು ಹಿಡಿಯದ ಜಾಗದಿಂದ ರಟ್ಟಿನಲ್ಲಿ ಕತ್ತರಿಸಿ ತೆಗೆದುಕೊಳ್ಳಿ. ಆ ರಟ್ಟು ಹಿಡಿದು ಶೀಟು ಬೆಂಡ್ ಮಾಡುವ ಅಂಗಡಿಗೆ ಹೋಗಿ. ಸಿಲ್ ಉದ್ದಕ್ಕೂ ಮಡಿಕೆ ಒಂದೇ ಥರ, ಮೆಷಿನ್‌ನಲ್ಲಿ ಸುಲಭ. ಅದಕ್ಕೆ ಮನೆಯಲ್ಲಿ ಸುಮ್ನೆ ಬೆವರು ಸುರಿಸಬೇಡಿ.

ಕೈಕೆಲಸ ಬೇಕಾಗುವುದು ಚಕ್ರದ ಕಮಾನಿಗೆ. ತಾಮ್ರದ ಕೊಡ ಬಡಿಯುವವರನ್ನು ನೀವು ನೋಡಿರಬಹುದು. ನಡುವೆ ಬಡಿದರೆ ಲೋಹ ಹಿಗ್ಗಿ ಉಬ್ಬುತ್ತದೆ. ಅಂಚು ಒಳಗೆ ಬರಬೇಕಾದರೆ ಅಲ್ಲಿ ಸಣ್ಣ ನೆರಿಗೆ ಹಿಡಿದು, ಆ ನೆರಿಗೆಯನ್ನು ತುದಿಯಿಂದ ಒಳಗೆ ಬಡಿದು ಲೋಹವನ್ನು ಕುಗ್ಗಿಸಬೇಕು. ಎರಡೂ ಬೇಕು. ದಪ್ಪ ಕ್ಯಾನ್ವಾಸ್ ಚೀಲಕ್ಕೆ ಒಣ ಮರಳು ತುಂಬಿ, ಬಾಯಿ ಹೊಲಿದು, ಅದರ ಮೇಲೆ ಮರದ ಕೊಡತಿಯಿಂದ ಬಡಿಯಿರಿ. ಕಬ್ಬಿಣದ ಸುತ್ತಿಗೆ ಕೊನೆಗೆ ಸಾಕು, ಒಳಗೆ ಡಾಲಿ (ಏಟಿಗೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಮೆತ್ತಗೆ ಸಮ ಮಾಡಲು. ಕಮಾನಿನ ಅಚ್ಚು ನಾನು ಹಲಸಿನ ಹಲಗೆಯಲ್ಲಿ ಕೊಯ್ದು ಮಾಡಿದೆ, ಎಡಗಡೆ ಗಟ್ಟಿ ಇದ್ದ ಕಮಾನಿನ ಅಳತೆ ತಿರುಗಿಸಿ ಹಾಕಿ. ಮೊದಲ ಮೂರು ತುಂಡು ಸರಿ ಬರಲಿಲ್ಲ. ನಾಲ್ಕನೆಯದು ಕೂತಾಗ ಹೆಂಡತಿಯನ್ನು ಕರೆದು ತೋರಿಸಿದೆ. ಆ ಖುಷಿ ಬೇರೆಯೇ.

ವೆಲ್ಡಿಂಗ್ ಗೇಟಿನ ಹಾಗೆ ಎಳೆಯಬೇಡಿ. 0.8 ಮಿ.ಮೀ. ವಯರ್ ಹಾಕಿ ಒಂದು ಚುಕ್ಕೆ, ಮತ್ತೆ ಅರ್ಧ ಅಡಿ ದೂರದಲ್ಲಿ ಇನ್ನೊಂದು. ಕೈ ಮುಟ್ಟುವಷ್ಟು ತಣ್ಣಗಾದ ಮೇಲೆ ನಡುವೆ ತುಂಬಿಸಿ. ಹೊರಗಿನ ಪ್ಯಾನೆಲ್‌ನಲ್ಲಿ ತಗಡಿನ ಮೇಲೆ ತಗಡು ಹತ್ತಿಸಬೇಡಿ, ಅಂಚಿಗೆ ಅಂಚು ಕೂಡಿಸಿ. ಒಂದರ ಮೇಲೊಂದು ಬಂದರೆ ನಮ್ಮ ಮಳೆಯ ನೀರು ಆ ಸಂದಿನಲ್ಲೇ ಕೂರುತ್ತದೆ. ಬಿಸಿಗೆ ಎಲ್ಲಾದರೂ ಉಬ್ಬಿದರೆ, ಉಬ್ಬಿನ ತಲೆಯನ್ನು ನಾಲ್ಕಾಣೆಯಷ್ಟು ಅಗಲ ಕೆಂಪಗೆ ಕಾಯಿಸಿ, ಸುತ್ತ ಎರಡೇಟು ಕೊಟ್ಟು, ಒದ್ದೆ ಬಟ್ಟೆ ಒತ್ತಿ. ತಗಡು ಕುಗ್ಗಿ ಕೆಳಗೆ ಕೂರುತ್ತದೆ.

ಬ್ರಹ್ಮಾವರ_79

ಅಣ್ಣಾ, ಎರಡು ಸಲ ಓದಿದೆ. ತುಂಬಾ ಉಪಕಾರ. ಒಂದು ಸಂಶಯ. ಮನೆ ಮಾಡಿನ ಕೆಲಸದಲ್ಲಿ ಉಳಿದ ಜಿ.ಪಿ. ಶೀಟು (ಸತು ಲೇಪಿಸಿದ ತಗಡು) ಎರಡು ಉಂಟು. ಅದಕ್ಕೆ ತುಕ್ಕು ಹಿಡಿಯುವುದಿಲ್ಲ ಅಲ್ವಾ, ಅದನ್ನೇ ಹಾಕಿದರೆ ಆಗದಾ?

ಕಟಪಾಡಿ_ತಗಡು

ಬೇಡ. ವೆಲ್ಡ್ ಮಾಡುವಾಗ ಮೇಲಿನ ಸತು ಉರಿದು ಬಿಳಿ ಹೊಗೆ ಬರುತ್ತದೆ. ಅದನ್ನು ಕುಡಿದರೆ ರಾತ್ರಿ ಚಳಿ ಜ್ವರ ಗ್ಯಾರಂಟಿ, ನಾನು ಅನುಭವಿಸಿದ್ದೇನೆ. ಜಾಯಿಂಟ್ ಕೂಡ ತೂತು ತೂತಾಗುತ್ತದೆ. ಸತು ಹೋಗುವುದು ವೆಲ್ಡ್ ಇರುವ ಜಾಗದಲ್ಲೇ, ತುಕ್ಕು ಮೊದಲು ಹಿಡಿಯುವ ಜಾಗವೂ ಅದೇ. ಮತ್ತೆ ಲಾಭ ಎಂತ?

ತುಕ್ಕು ತಡೆಯುವುದು ಪ್ರೈಮರ್‌ನಿಂದ. ಉಜ್ಜಿ ಬೆಳ್ಳಗೆ ಮಾಡಿದ ತಗಡನ್ನು ಈ ಹವೆಯಲ್ಲಿ ಒಂದು ರಾತ್ರಿಯೂ ಹಾಗೆ ಬಿಡಬೇಡಿ, ಬೆಳಗ್ಗೆಗೆ ಕೆಂಪು ಬಂದಿರುತ್ತದೆ. ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಪುಟ್ಟಿ ಏನಿದ್ದರೂ ಅದರ ಮೇಲೆ, ತೆಳ್ಳಗೆ. ಸಿಲ್‌ನ ಅಡಿಯಲ್ಲಿ ನೀರು ಇಳಿಯುವ ತೂತು ಬಿಡಿ, ಪೇಂಟ್ ಆದ ಮೇಲೆ ಆ ತೂತಿನಿಂದ ಒಳಗೆ ಮೇಣದ ಸ್ಪ್ರೇ ಹೊಡೆಯಿರಿ. ಇನ್ನು ಆ ಟರ್ಪಾಲು ತೆಗೆದು ಬಿಡಿ. ಅದರ ಅಡಿಯಲ್ಲಿ ಕಾರು ದಿನಾ ಬೆವರುತ್ತದೆ. ನಾಲ್ಕು ಕಂಬದ ಮೇಲೆ ಶೀಟಿನ ಮಾಡು ಹಾಕಿ, ಸುತ್ತ ಗಾಳಿ ಆಡಲಿ.

ಬ್ರಹ್ಮಾವರ_79

ಟರ್ಪಾಲು ತೆಗೆದೆ. ಭಾನುವಾರ ಪೈಪು ಟ್ಯಾಕ್ ಹೊಡೆದು ಬಲಗಡೆ ಸಿಲ್‌ನ ಹೊರತಗಡು ಮಾತ್ರ ಬಿಚ್ಚಿದೆ. ಒಳಗೆ ಒಂದು ಬುಟ್ಟಿ ಮಣ್ಣು, ಮಾವಿನ ಎಲೆ. ನೀರು ಇಳಿಯುವ ತೂತೆಲ್ಲ ಆ ಟಾರಿನಲ್ಲಿ ಮುಚ್ಚಿ ಹೋಗಿತ್ತು. ಬಾಗಿಲ ಸಂದು ಮೇಲೆ 5 ಮಿ.ಮೀ. ಇದ್ದದ್ದು ಈಗಲೂ 5 ಇದೆ. ಒಳತಗಡಿನ ಮುಂದಿನ ಒಂದು ಗೇಣು ತಿಂದು ಹೋಗಿದೆ, ಉಳಿದದ್ದು ಸುತ್ತಿಗೆಯಲ್ಲಿ ತಟ್ಟಿದರೆ ಗಟ್ಟಿ ಶಬ್ದ ಬರುತ್ತದೆ. ಅದನ್ನೂ ಪೂರ್ತಿ ತೆಗೆಯಬೇಕಾ?

ಕಟಪಾಡಿ_ತಗಡು

ಪೂರ್ತಿ ಬೇಡ. ಗಟ್ಟಿ ಇದ್ದದ್ದು ಕಂಪನಿಯದ್ದೇ ಇರಲಿ. ಆ ಒಂದು ಗೇಣಿಗೆ ಮುಂದೆ ಹಿಂದೆ ಎರಡೆರಡು ಇಂಚು ಸೇರಿಸಿ ಕತ್ತರಿಸಿ, 18 ಗೇಜಿನಲ್ಲಿ ತುಂಡು ಕೂಡಿಸಿ. ಹೊರತಗಡು ಹಾಕುವ ಮೊದಲು ಬಾಗಿಲು ಒಮ್ಮೆ ಮುಚ್ಚಿ ನೋಡಿ. ಮುಂದಿನ ಶನಿವಾರ ನಾನು ಬಾರ್ಕೂರಿಗೆ ಬರುವವನಿದ್ದೇನೆ. ಡಾಲಿ ಎರಡು ಜಾಸ್ತಿ ಉಂಟು, ತಂದು ಕೊಡುತ್ತೇನೆ.