ಸಹಾಯ ಬೇಕು: ಉಳಿದ ಹ್ಯಾಮ್, ಒಣಗಿಹೋದ ಪಾಸ್ತಾ

ಓವನ್ ಅಡುಗೆಯಲ್ಲಿ ಕೈ ಪಳಗಿದವರು ಸ್ವಲ್ಪ ದಾರಿ ತೋರಿಸಿ. ನಾವಿರುವುದು ಮೈಸೂರಿನ ಬನ್ನಿಮಂಟಪದಲ್ಲಿ. ಕ್ರಿಸ್‌ಮಸ್ ಊಟಕ್ಕೆ ಬೇಯಿಸಿದ್ದ ಹ್ಯಾಮ್‌ನಲ್ಲಿ (ಉಪ್ಪು ಹಾಕಿ ಹದಗೊಳಿಸಿದ ಹಂದಿಯ ತೊಡೆಮಾಂಸ) 300 ಗ್ರಾಂ ಉಳಿದಿತ್ತು. ನಿನ್ನೆ ಅದರಲ್ಲಿ ಅರ್ಧ ಹಾಕಿ ಪಾಸ್ತಾ ಬೇಕ್ ಮಾಡಿದೆ, ಕೆಟ್ಟಿತು.

ಮಾಡಿದ್ದು ಹೀಗೆ: 250 ಗ್ರಾಂ ಪೆನ್ನೆ ಪಾಸ್ತಾ ಮೆತ್ತಗೆ ಬೇಯಿಸಿದೆ. ಎರಡು ಚಮಚ ಬೆಣ್ಣೆಯಲ್ಲಿ ಎರಡು ಚಮಚ ಮೈದಾ ಹುರಿದು, ಒಂದು ಲೋಟ ಹಾಲು ಬೆರೆಸಿ ಬಿಳಿ ಸಾಸ್ ಕಾಯಿಸಿದೆ. ಮೇಲೆ ತುರಿದ ಚೀಸ್. ಓಟಿಜಿಯಲ್ಲಿ (ಮೇಜಿನ ಮೇಲಿಡುವ ಚಿಕ್ಕ ಕರೆಂಟ್ ಓವನ್) 200 ಡಿಗ್ರಿ, 35 ನಿಮಿಷ. ಮೇಲ್ಪದರ ಸುಟ್ಟ ಹಪ್ಪಳವಾಯಿತು. ಒಳಗಿನ ಪಾಸ್ತಾ ಸಾಸನ್ನೆಲ್ಲ ಕುಡಿದು, ಆರಿದ ಉಪ್ಪಿಟ್ಟಿನಂತೆ ಒಂದೇ ಮುದ್ದೆಯಾಗಿ ಚಾಕುವಿನಿಂದ ಕತ್ತರಿಸಬೇಕಾಯಿತು. ಹ್ಯಾಮ್, ಚೀಸ್, ಬೆಣ್ಣೆ ಮೂರರಲ್ಲೂ ಉಪ್ಪಿರುವಾಗ ಸಾಸಿಗೂ ಉಪ್ಪು ಹಾಕಿದ್ದು ನನ್ನದೇ ದಡ್ಡತನ.

ಈ ಸಲ ಪಾಸ್ತಾವನ್ನು ಎರಡು ನಿಮಿಷ ಮೊದಲೇ ಇಳಿಸುತ್ತೇನೆ. ಆದರೆ ಹಾಲು ಎಷ್ಟು ಹೆಚ್ಚಿಸಲಿ? ಎರಡೂವರೆ ಲೋಟ ಹಾಕಿದರೆ ಮೈದಾವನ್ನೂ ಹೆಚ್ಚಿಸಬೇಕೇ? ನಮ್ಮ ಓಟಿಜಿ ಚಿಕ್ಕದು, ಮೇಲಿನ ಕಾಯಿಲ್ ಪಾತ್ರೆಗೆ ನಾಲ್ಕು ಬೆರಳಷ್ಟು ದೂರವಿದೆ. 180 ಡಿಗ್ರಿಗೆ ಇಳಿಸಿ, ಮೊದಲು ಫಾಯಿಲ್ ಮುಚ್ಚಿ ಕೊನೆಗೆ ತೆಗೆದರೆ ಸರಿಹೋಗುತ್ತದೆಯೇ? ದೇವರಾಜ ಮಾರುಕಟ್ಟೆಯಿಂದ ತಂದ ಹಸಿ ಬಟಾಣಿಯೂ ಇದೆ, ಅದನ್ನು ಸೇರಿಸಲೇ?

ಬೇಯಿಸಿದ ಹ್ಯಾಮ್ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನವಷ್ಟೇ ಚೆನ್ನಾಗಿರುತ್ತದೆ. ಇವತ್ತು ಮೂರನೆಯ ದಿನ. ಅತ್ತೆಯವರು ಕಾಳುಮೆಣಸು ಕುಟ್ಟಿಟ್ಟುಕೊಂಡು, "ನಿನ್ನ ಪ್ರಯೋಗ ಸಾಕು, ಹುರಿದುಬಿಡುತ್ತೇನೆ" ಎಂದು ಕಾದಿದ್ದಾರೆ. ಸಂಜೆಯೊಳಗೆ ಉತ್ತರಿಸಿದರೆ ಉಪಕಾರವಾಗುತ್ತದೆ.